ಮೊಬೈಲ್ ಆಟಕ್ಕೂ ಒಂದು ಗೂಟ, ಒಂದು ಹಗ್ಗ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಜಂತುನಾಶಕ, ಹಸಿರು ಮೇವು, ಖನಿಜ ಮಿಶ್ರಣದ ಬಗ್ಗೆ ಬರೆಯುತ್ತೇನೆ. ಈ ಸಲ ರಾಸುಗಳ ಕಾಯಿಲೆ ಬಿಟ್ಟು ನಮ್ಮ ಕೈಯಲ್ಲಿರುವ ಮೊಬೈಲಿನ ಬಗ್ಗೆ, ಅದರಲ್ಲಿ ನಾವು ಹೊತ್ತು ಕಳೆಯಲು ಆಡುವ ಇಸ್ಪೀಟು, ಚಕ್ರ, ನಾಣ್ಯದ ಆಟಗಳ ಬಗ್ಗೆ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ರಾತ್ರಿ ತುರ್ತು ಸೇವೆಯ ಸರದಿ ನನ್ನದಿತ್ತು. ಊಟ ಮುಗಿಸಿ, ಮಗಳನ್ನು ಮಲಗಿಸಿ, ಹತ್ತೂವರೆ ಹೊತ್ತಿಗೆ ಮೊಬೈಲಿನಲ್ಲಿ ತೀನ್ ಪತ್ತಿ ಆಡುತ್ತಾ ಕುಳಿತಿದ್ದೆ. ದುಡ್ಡಿನ ಆಟವಲ್ಲ, ಉಚಿತ ನಾಣ್ಯದ್ದು. ಆಗ ಕರೆ ಬಂತು. ಪರದೆಯ ಮೇಲ್ಭಾಗದಲ್ಲಿ ನಂಬರು ಕಂಡಿತು. ನನಗೆ ಒಳ್ಳೆಯ ಎಲೆ ಬಿದ್ದಿತ್ತು. 'ಇದೊಂದು ಆಟ ಮುಗಿಸಿ ಮಾತಾಡೋಣ' ಎಂದು ಕರೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದೆ. ಆ ಆಟ ಮುಗಿಯುವಷ್ಟರಲ್ಲಿ ಮುಂದಿನದು ಶುರುವಾಗಿತ್ತು. ಎರಡನೇ ಕರೆಯೂ ಹಾಗೇ ಹೋಯಿತು. ಮೂರನೆಯದನ್ನು ಎತ್ತುವಾಗ ಹದಿನೇಳು ನಿಮಿಷ ಕಳೆದಿತ್ತು.

"ಡಾಕ್ಟ್ರಮ್ಮ, ನಿನ್ನೆ ಕರು ಹಾಕಿದ್ದ ಹಸ ಬಿದ್ಬಿಟ್ಟೈತೆ. ಕಿವಿ ತಣ್ಣಗಾಗೈತೆ. ಕತ್ತು ಪಕ್ಕೆಗೆ ತಿರುಗಿಸ್ಕೊಂಡು ಮಲಗೈತೆ" ಎಂದರು ಆ ಅಕ್ಕ. ನಾಲ್ಕನೇ ಸೂಲಿನ ಹೆಚ್ಚು ಹಾಲಿನ ಹಸು. ಕೇಳಿದ ತಕ್ಷಣ ಹಾಲು ಜ್ವರ ಎಂದು ತಿಳಿಯಿತು. ಕರು ಹಾಕಿದ ಮೇಲೆ ರಕ್ತದಲ್ಲಿ ಸುಣ್ಣದ ಅಂಶ ಏಕಾಏಕಿ ಇಳಿದಾಗ ಹೀಗಾಗುತ್ತದೆ. ಸಮಯಕ್ಕೆ ಕ್ಯಾಲ್ಸಿಯಂ ಹೋದರೆ ಹಸು ಎದ್ದು ನಿಲ್ಲುತ್ತದೆ. ತಡವಾದರೆ ಪ್ರಾಣ ಹೋಗುತ್ತದೆ.

ನಾನು ತಲುಪಿದಾಗ ಹಸು ಕತ್ತೆತ್ತುವ ಸ್ಥಿತಿಯಲ್ಲಿರಲಿಲ್ಲ. ಎದೆಬಡಿತ ಆಲಿಸುತ್ತಾ, ರಕ್ತನಾಳಕ್ಕೆ ನಿಧಾನವಾಗಿ ಔಷಧಿ ಬಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಮೈ ನಡುಗಿತು, ತೇಗು ಬಂತು, ಸಗಣಿ ಹಾಕಿತು, ಕೊನೆಗೆ ಎದ್ದು ನಿಂತಿತು. ಅಕ್ಕ ಕೈಮುಗಿದು, "ನೀವು ಬರದೇ ಇದ್ದಿದ್ರೆ ನನ್ನ ಹಟ್ಟಿ ಬರಿದಾಗ್ತಿತ್ತು" ಎಂದರು. ಯಾಕೆ ತಡವಾಯಿತೆಂದು ಕೇಳಲೂ ಇಲ್ಲ. ನಾನೇ, "ಸಿಗ್ನಲ್ ಇರ್ಲಿಲ್ಲ ಅಕ್ಕ" ಎಂದೆ.

ಅದು ಸುಳ್ಳು. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಹಸುವನ್ನು ಮತ್ತೆ ನೋಡಲು ಹೋದಾಗ ನಿಜ ಹೇಳಿದೆ. ಅವರು ಬಯ್ಯಬಹುದು, ಒಕ್ಕೂಟಕ್ಕೆ ದೂರು ಕೊಡಬಹುದು ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದೂ ಅದೇ ಕತೆ ಡಾಕ್ಟ್ರಮ್ಮ. ಸೊಸೆಗೂ ಹೇಳಿಲ್ಲ" ಎಂದರು.

ಮಗ ಕೊಡಿಸಿದ ಫೋನಿನಲ್ಲಿ ಅವರು ಹಣ್ಣಿನ ಚಿತ್ರಗಳ ಗಾಲಿ ತಿರುಗಿಸುವ ಆಟ ಆಡುತ್ತಿದ್ದರು. ನಾಣ್ಯ ಮುಗಿದಾಗ ಮೊಮ್ಮಗನಿಂದ ಹೇಳಿಸಿಕೊಂಡು 29 ರೂಪಾಯಿಗೆ ನಾಣ್ಯ ಕೊಂಡರು. ಆಮೇಲೆ 49, ಆಮೇಲೆ 99. ದುಡ್ಡು ಹೋಗುತ್ತಿದ್ದುದು ಹಾಲಿನ ಬಟವಾಡೆ ಬೀಳುವ ಖಾತೆಯಿಂದ. ಪಾಸ್ ಪುಸ್ತಕ ಬರೆಸಿದಾಗ ಒಂದೇ ತಿಂಗಳಲ್ಲಿ 1,300 ರೂಪಾಯಿಗೂ ಹೆಚ್ಚು ಹೋಗಿತ್ತು. "ಒಂದು ಮೂಟೆ ಫೀಡು ನಾನೇ ತಿಂದಂಗಾಯ್ತು" ಎಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಎಂದಿದ್ದಾರೆ.

ಆಡುವುದು ತಪ್ಪೇ?

ತಪ್ಪಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ, ಮೇವು ತಂದು, ಅಡುಗೆ ಮಾಡಿ, ಮತ್ತೆ ಸಂಜೆ ಹಾಲು ಕರೆಯುವ ಹೆಣ್ಣುಮಕ್ಕಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ತಮ್ಮದೇ ಆದ ಹೊತ್ತು ಬೇಕು. ಆ ಹೊತ್ತಿನಲ್ಲಿ ಯಾರೋ ಧಾರಾವಾಹಿ ನೋಡುತ್ತಾರೆ, ಯಾರೋ ಫೋನಿನಲ್ಲಿ ಆಡುತ್ತಾರೆ.

ನಮ್ಮ ಹಿರಿಯರೂ ಆಡಿದವರೇ. ಚೌಕಾಬಾರ, ಪಗಡೆ, ಅಳಗುಳಿ ಮಣೆ ಆಡದ ಅಜ್ಜಿಯರು ಯಾವ ಊರಲ್ಲಿದ್ದರು? ಯುಗಾದಿಗೆ ಇಸ್ಪೀಟು ಆಡುವುದು ನಮ್ಮ ಕಡೆ ಇಂದಿಗೂ ಇದೆ. ಆದರೆ ಆ ಆಟಗಳಿಗೆ ಕೊನೆ ಇತ್ತು. ಚೌಕಾಬಾರದಲ್ಲಿ ನಾಲ್ಕೂ ಕಾಯಿ ಹಣ್ಣಾದರೆ ಆಟ ಮುಗಿಯಿತು. ಅಳಗುಳಿ ಮಣೆಯಲ್ಲಿ ಬೀಜ ಮುಗಿದರೆ ಏಳಬೇಕು. ಎದುರಿಗೆ ಕುಳಿತವಳಿಗೆ ಬೇಸರವಾದರೆ, ದನ ಮನೆಗೆ ಬಂದರೆ, ಒಲೆ ಮೇಲಿನ ಹಾಲು ಉಕ್ಕಿದರೆ ಆಟ ತಾನಾಗಿ ನಿಲ್ಲುತ್ತಿತ್ತು.

ಮೊಬೈಲಿನ ಆಟಕ್ಕೆ ಅಂಥ ಕೊನೆ ಇಲ್ಲ. ಒಂದು ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿ ತೆರೆಯುತ್ತದೆ. ಎದುರಿಗಿರುವ ಯಂತ್ರಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ. ಹಾಗಾಗಿ ಆಟವನ್ನು ನಾವೇ ನಿಲ್ಲಿಸಬೇಕು. ಅದು ಯಾಕೆ ಅಷ್ಟು ಕಷ್ಟ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಗುಂಡಿ ಒತ್ತುವ ಪಾರಿವಾಳ

ನಾವು ಪಶುವೈದ್ಯಕೀಯ ಓದುವಾಗ ಪ್ರಾಣಿಗಳ ನಡವಳಿಕೆಯ ಪಾಠದಲ್ಲಿ ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಯೋಗಗಳು ಬರುತ್ತಿದ್ದವು. ಅವರು ಇಲಿ, ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿ ಬಿಟ್ಟು, ಗುಂಡಿ ಒತ್ತಿದರೆ ಕಾಳು ಬೀಳುವಂತೆ ಮಾಡಿದ್ದರು. ಪ್ರತಿ ಸಲ ಒತ್ತಿದಾಗಲೂ ಕಾಳು ಸಿಗುತ್ತಿದ್ದ ಪ್ರಾಣಿ, ಕಾಳು ನಿಂತ ಮೇಲೆ ಬೇಗ ಒತ್ತುವುದನ್ನು ಬಿಟ್ಟಿತು. ಆದರೆ ಕಾಳು ಒಮ್ಮೆ ಮೂರನೇ ಸಲಕ್ಕೆ, ಒಮ್ಮೆ ಇಪ್ಪತ್ತನೇ ಸಲಕ್ಕೆ, ಹೀಗೆ ಲೆಕ್ಕವಿಲ್ಲದೆ ಬೀಳುತ್ತಿದ್ದರೆ, ಪ್ರಾಣಿ ಬಿಡದೆ ಒತ್ತುತ್ತಲೇ ಇತ್ತು. ಕಾಳು ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಒತ್ತಿತು. 'ಮುಂದಿನ ಸಲ ಬರಬಹುದು' ಎಂಬುದೇ ಅದನ್ನು ಹಿಡಿದಿಟ್ಟಿತ್ತು. ಜೂಜಿನ ಯಂತ್ರಗಳು ಮನುಷ್ಯರನ್ನು ಹಿಡಿದಿಡುವುದೂ ಹೀಗೆಯೇ ಎಂದು ಸ್ಕಿನ್ನರ್ ಅವರೇ ಬರೆದಿದ್ದಾರೆ.

ಮೊಬೈಲಿನ ಗಾಲಿ ಆಟ, ತೀನ್ ಪತ್ತಿ, ಚಕ್ರದ ಆಟಗಳು ನಡೆಯುವುದು ಇದೇ ರೀತಿ. ಅದರ ಜೊತೆಗೆ ಇನ್ನೂ ಕೆಲವು ಉಪಾಯಗಳಿರುತ್ತವೆ.

ಮೊದಲನೆಯದು, 'ಸ್ವಲ್ಪದರಲ್ಲಿ ತಪ್ಪಿತು' ಎನಿಸುವುದು. ಮೂರು ಹಣ್ಣು ಒಂದೇ ಆಗಬೇಕಾದಲ್ಲಿ ಎರಡು ಒಂದಾಗಿ, ಮೂರನೆಯದು ಒಂದು ಗೆರೆ ಕೆಳಗೆ ನಿಲ್ಲುತ್ತದೆ. ಅದು ಸೋಲೇ. ಆದರೆ ಮನಸ್ಸು ಅದನ್ನು ಅರ್ಧ ಗೆಲುವೆಂದು ಎಣಿಸಿ ಮತ್ತೆ ಒತ್ತುತ್ತದೆ.

ಎರಡನೆಯದು, ಸೋಲಿಗೂ ಗೆಲುವಿನ ಸದ್ದು. 100 ನಾಣ್ಯ ಇಟ್ಟು 40 ನಾಣ್ಯ ವಾಪಸು ಬಂದರೂ ಗಂಟೆ ಬಾರಿಸುತ್ತದೆ, ಬಣ್ಣ ಚಿಮ್ಮುತ್ತದೆ. ಕಳೆದುಕೊಂಡಿದ್ದು 60 ಎಂಬುದು ಆ ಗದ್ದಲದಲ್ಲಿ ಕಾಣುವುದಿಲ್ಲ.

ಮೂರನೆಯದು, 'ಇನ್ನೊಂದು ಗಂಟೆಗೆ ಬಂದರೆ ಉಚಿತ ನಾಣ್ಯ', 'ನಾಳೆ ತಪ್ಪಿದರೆ ಬೋನಸ್ ಹೋಯಿತು' ಎಂಬ ಸಂದೇಶಗಳು. ಹಾಲು ಕರೆಯುವ ಹೊತ್ತಿಗೂ, ಮಲಗುವ ಹೊತ್ತಿಗೂ ಫೋನು ನಮ್ಮನ್ನು ಕರೆಯುತ್ತದೆ.

ಇದನ್ನೆಲ್ಲ ಹೇಳುವುದು ಆಡುವವರು ದಡ್ಡರೆಂದು ತೋರಿಸುವುದಕ್ಕಲ್ಲ. ನಾನೂ ಐದು ವರ್ಷ ಓದಿದವಳು, ಈ ಪ್ರಯೋಗವನ್ನು ಪರೀಕ್ಷೆಯಲ್ಲಿ ಬರೆದವಳು. ಆದರೂ ಹದಿನೇಳು ನಿಮಿಷ ಗುಂಡಿ ಒತ್ತುತ್ತಲೇ ಇದ್ದೆ.

'ಈ ಸಲ ಹೆಣ್ಣು ಕರುವೇ'

ಹಳ್ಳಿಗೆ ಕೃತಕ ಗರ್ಭಧಾರಣೆಗೆ ಹೋದಾಗ ನಾನು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಮೂರು ಸೂಲೂ ಗಂಡೇ ಆಯ್ತು ಡಾಕ್ಟ್ರಮ್ಮ, ಈ ಸಲ ಹೆಣ್ಣು ಗ್ಯಾರಂಟಿ."

ಗ್ಯಾರಂಟಿ ಇಲ್ಲ. ಸಾಮಾನ್ಯ ವೀರ್ಯ ನಳಿಕೆಯಲ್ಲಿ ಪ್ರತಿ ಸೂಲಿಗೂ ಹೆಣ್ಣಾಗುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ. ಹಿಂದೆ ಮೂರು ಗಂಡಾಗಿದ್ದು ಹಸುವಿನ ಗರ್ಭಕ್ಕೆ ನೆನಪಿರುವುದಿಲ್ಲ. ನಾಲ್ಕನೆಯ ಸಲವೂ ಲೆಕ್ಕ ಮೊದಲಿನಿಂದಲೇ ಶುರು.

ಆಟದ ಗಾಲಿಗೂ ನೆನಪಿಲ್ಲ. 'ಹತ್ತು ಸಲ ಸೋತಿದ್ದೇನೆ, ಇನ್ನು ಗೆಲ್ಲಲೇಬೇಕು' ಎಂಬುದು ನಮ್ಮ ಲೆಕ್ಕ, ಯಂತ್ರದ್ದಲ್ಲ. ಇದಕ್ಕೊಂದು ಹೆಸರಾಂತ ಉದಾಹರಣೆ ಇದೆ. ಯುರೋಪಿನ ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ 1913ರ ಆಗಸ್ಟ್ 18ರಂದು, ಕೆಂಪು–ಕಪ್ಪು ಮನೆಗಳಿರುವ ರೂಲೆಟ್ ಚಕ್ರದಲ್ಲಿ ಗೋಲಿ ಸತತ 26 ಸಲ ಕಪ್ಪು ಮನೆಗೇ ಬಿತ್ತು. 'ಇಷ್ಟು ಕಪ್ಪು ಬಂದ ಮೇಲೆ ಈಗ ಕೆಂಪು ಬರಲೇಬೇಕು' ಎಂದು ಜನ ಪ್ರತಿ ಸಲವೂ ಹೆಚ್ಚು ಹೆಚ್ಚು ದುಡ್ಡನ್ನು ಕೆಂಪಿನ ಮೇಲೆ ಇಟ್ಟು ಕಳೆದುಕೊಂಡರು.

ಹೆಣ್ಣು ಕರುವೇ ಬೇಕೆಂದರೆ ಇಂದು ಲಿಂಗ ನಿರ್ಧರಿತ ವೀರ್ಯ ಇದೆ. ಅದರಲ್ಲಿ ಗರ್ಭ ನಿಂತರೆ ನೂರಕ್ಕೆ ಸುಮಾರು ತೊಂಬತ್ತು ಹೆಣ್ಣಾಗುತ್ತವೆ. ಅಲ್ಲಿ ವಿಜ್ಞಾನ ನಿಮ್ಮ ಪರವಾಗಿ ಲೆಕ್ಕ ಬದಲಿಸಿದೆ. ಆಟದಲ್ಲಿ ಲೆಕ್ಕ ಬರೆಯುವವರು ಆಟ ಮಾಡಿದವರು. ಅವರು ಅದನ್ನು ನಿಮ್ಮ ಪರವಾಗಿ ಬರೆಯುವುದಿಲ್ಲ.

ಸೋರುವ ಕ್ಯಾನು

'ಮೋಸದ ಆಟದಲ್ಲಿ ಮಾತ್ರ ದುಡ್ಡು ಹೋಗುತ್ತದೆ' ಎಂದು ಹಲವರು ತಿಳಿದಿದ್ದಾರೆ. ಮೋಸವೇ ಇಲ್ಲದ ಚಕ್ರದ ಲೆಕ್ಕ ನೋಡಿ. ಯುರೋಪಿನ ರೂಲೆಟ್ ಚಕ್ರದಲ್ಲಿ 0 ಯಿಂದ 36ರವರೆಗೆ ಒಟ್ಟು 37 ಮನೆಗಳು. ಒಂದು ಮನೆಯ ಮೇಲೆ 1 ರೂಪಾಯಿ ಇಟ್ಟು ಗೆದ್ದರೆ, ನೀವಿಟ್ಟ ರೂಪಾಯಿಯೂ ಸೇರಿ 36 ರೂಪಾಯಿ ಕೈಗೆ ಬರುತ್ತದೆ. ಈಗ 37 ಮನೆಗಳ ಮೇಲೂ ಒಂದೊಂದು ರೂಪಾಯಿ ಇಟ್ಟಿರಿ ಎನ್ನಿ. ಖಂಡಿತ ಗೆಲ್ಲುತ್ತೀರಿ. ಆದರೆ ಕೊಟ್ಟಿದ್ದು 37, ಬಂದಿದ್ದು 36. ಉಳಿದ 1 ರೂಪಾಯಿ ಆಡಿಸುವವನದು. ನೂರಕ್ಕೆ 2 ರೂಪಾಯಿ 70 ಪೈಸೆ.

ಇದು ಸಣ್ಣ ಸೋರಿಕೆ ಎನಿಸುತ್ತದೆ. ಆದರೆ 1,000 ರೂಪಾಯಿಯನ್ನು ಅದೇ ಚಕ್ರದಲ್ಲಿ ಹತ್ತು ಸುತ್ತು ಆಡಿದರೆ ಸರಾಸರಿ ಸುಮಾರು 760 ಉಳಿಯುತ್ತದೆ. ಫೋನಿನಲ್ಲಿ ಹತ್ತು ಸುತ್ತಿಗೆ ಐದು ನಿಮಿಷವೂ ಬೇಡ. ತಳದಲ್ಲಿ ಸೂಜಿಯಷ್ಟು ತೂತಿರುವ ಕ್ಯಾನಿನಲ್ಲಿ ಹಾಲು ಹೊತ್ತರೆ ಮನೆಯಿಂದ ಡೈರಿಗೆ ಒಂದು ಸಲ ಹೋಗುವಾಗ ಗೊತ್ತಾಗುವುದಿಲ್ಲ. ಅದೇ ಕ್ಯಾನು ಹೊತ್ತು ಇಡೀ ದಿನ ಓಡಾಡಿದರೆ ಹಾಲೆಲ್ಲಿ ಉಳಿಯುತ್ತದೆ?

ಉಚಿತ ನಾಣ್ಯದ ಆಟದಲ್ಲಿ ಲೆಕ್ಕ ಇನ್ನೂ ಸರಳ. ನೀವು 99 ರೂಪಾಯಿ ಕೊಟ್ಟು ಕೊಂಡ ನಾಣ್ಯ ಕೋಟಿಯಾದರೂ ಅದು ರೂಪಾಯಿಯಾಗಿ ವಾಪಸು ಬರುವುದಿಲ್ಲ. ಅದು ಸಿನಿಮಾ ಟಿಕೆಟ್ ಇದ್ದ ಹಾಗೆ, ಖರ್ಚೇ ಹೊರತು ಹೂಡಿಕೆಯಲ್ಲ. ಹಾಲಿಗೆ ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 99 ರೂಪಾಯಿ ಎಂದರೆ ಹೆಚ್ಚುಕಡಿಮೆ ಮೂರು ಲೀಟರ್ ಹಾಲು. ಇನ್ನು ಮುಂದೆ ನಾಣ್ಯ ಕೊಳ್ಳುವ ಗುಂಡಿ ಕಂಡಾಗ ರೂಪಾಯಿ ನೋಡಬೇಡಿ, ಲೀಟರ್ ಎಣಿಸಿ.

ಉಚಿತ ಆಟದಲ್ಲಿ ಗೆಲುವು ಎಷ್ಟು ಸಲ ಬರಬೇಕೆಂಬುದನ್ನು ತಯಾರಿಸಿದವರೇ ನಿಗದಿ ಮಾಡುತ್ತಾರೆ ಎಂಬುದನ್ನೂ ಮರೆಯಬೇಡಿ. ಅಲ್ಲಿ ಹೆಚ್ಚು ಗೆದ್ದೆ ಎಂದು 'ದುಡ್ಡಿನ ಆಟದಲ್ಲೂ ಗೆಲ್ಲುತ್ತೇನೆ' ಎಂದು ಹೊರಡುವುದು ದೊಡ್ಡ ಅಪಾಯ.

ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜನ್ನು ನಿಷೇಧಿಸಲಾಗಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಈ ಕಾಯ್ದೆಯಂತೆ, ಗೆದ್ದರೆ ದುಡ್ಡು ಸಿಗುತ್ತದೆಂದು ದುಡ್ಡು ಕಟ್ಟಿಸಿಕೊಂಡು ಆಡಿಸುವ ಯಾವ ಆನ್‌ಲೈನ್ ಆಟಕ್ಕೂ ಅವಕಾಶವಿಲ್ಲ. ಅದು ಅದೃಷ್ಟದ ಆಟವೋ, ಜಾಣ್ಮೆಯ ಆಟವೋ ಎಂಬ ಭೇದವಿಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಜಾಹೀರಾತು ಮಾಡುವುದೂ ಅಪರಾಧ. ಆಡಿ ಕಳೆದುಕೊಂಡವರನ್ನು ಈ ಕಾಯ್ದೆ ಶಿಕ್ಷಿಸುವುದಿಲ್ಲ. ಆದ್ದರಿಂದ ದುಡ್ಡು ಹೋದವರು ಭಯಪಟ್ಟು ಮುಚ್ಚಿಡಬೇಕಾಗಿಲ್ಲ.

ಪಣವಿಲ್ಲದ, ಬರೀ ಹೊತ್ತು ಕಳೆಯುವ ಆಟಗಳಿಗೆ ನಿಷೇಧವಿಲ್ಲ. ಹಾಗಾಗಿ 'ದುಡ್ಡು ಕಟ್ಟಿ, ಗೆದ್ದರೆ ಖಾತೆಗೆ ಹಾಕುತ್ತೇವೆ' ಎಂಬ ಲಿಂಕ್ ವಾಟ್ಸ್‌ಆಪ್‌ನಲ್ಲೋ ಟೆಲಿಗ್ರಾಂನಲ್ಲೋ ಬಂದರೆ, ಅದು ಕಾನೂನಿನ ಹೊರಗಿನದು ಎಂದು ತಿಳಿದು ಅಳಿಸಿಬಿಡಿ.

ಕಾಳು ತಿಂದ ಹಸು

ಮದುವೆ, ಗೃಹಪ್ರವೇಶದ ಮಾರನೆಯ ದಿನ ನಮಗೆ ಒಂದು ಬಗೆಯ ಕರೆ ತಪ್ಪದೆ ಬರುತ್ತದೆ. ಮಿಕ್ಕ ಅನ್ನವನ್ನು ಹಸು ತಿಂದಿರುತ್ತದೆ, ಇಲ್ಲವೇ ರಾತ್ರಿ ಹಗ್ಗ ಬಿಚ್ಚಿಕೊಂಡು ರಾಗಿ ಹಿಟ್ಟಿನ ಮೂಟೆಗೆ ಬಾಯಿ ಹಾಕಿರುತ್ತದೆ. ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಮೆಲುಕು ನಿಂತು, ಹಸು ಕುಸಿಯುತ್ತದೆ. ರಾಗಿ ವಿಷವಲ್ಲ. ಒಂದು ಬೊಗಸೆ ಕೊಟ್ಟರೆ ಒಳ್ಳೆಯದೇ. ಆದರೆ ಮೂಟೆಯ ಮುಂದೆ ನಿಂತ ಹಸುವಿಗೆ 'ಸಾಕು' ಎನ್ನುವುದು ತಿಳಿಯುವುದಿಲ್ಲ.

ಆಗ ನಾವು ಹಸುವಿಗೆ ಬಯ್ಯುತ್ತೇವೆಯೇ? ಇಲ್ಲ. ಮೂಟೆ ಎಲ್ಲಿಟ್ಟಿದ್ದಿರಿ, ಹಗ್ಗ ಯಾಕೆ ಸಡಿಲವಾಗಿತ್ತು ಎಂದು ಕೇಳುತ್ತೇವೆ. ಆಟದ ವಿಷಯದಲ್ಲೂ ಅಷ್ಟೇ. ಆಡುತ್ತಾ ಕುಳಿತಾಗ 'ಈಗ ನಿಲ್ಲಿಸುತ್ತೇನೆ' ಎಂದುಕೊಂಡರೆ ನಿಲ್ಲಿಸಲು ಆಗುವುದಿಲ್ಲ. ನಿಲ್ಲಿಸುವ ತೀರ್ಮಾನವನ್ನು ಆಟ ತೆರೆಯುವ ಮೊದಲೇ, ತಲೆ ತಣ್ಣಗಿರುವಾಗ ಮಾಡಿರಬೇಕು. ಗೂಟ ಮೊದಲು ನೆಡಬೇಕು, ಹಗ್ಗದ ಉದ್ದ ಮೊದಲು ಅಳೆಯಬೇಕು. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಹಗ್ಗ ಕಟ್ಟುವುದು ಹೇಗೆ?

1. ಹೊತ್ತು ನಿಗದಿ ಮಾಡಿ. ದಿನಕ್ಕೆ ಇಪ್ಪತ್ತು ನಿಮಿಷ ಎಂದರೆ ಇಪ್ಪತ್ತೇ. ಅಡುಗೆಮನೆಯ ಗಡಿಯಾರ ಅಥವಾ ಫೋನಿನ ಅಲಾರಂ ಇಟ್ಟು ಆಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬುದಿದೆ. ಅಲ್ಲಿ ಆ ಆಟಕ್ಕೆ ದಿನಕ್ಕೆ ಇಷ್ಟೇ ನಿಮಿಷ ಎಂದು ಇಟ್ಟರೆ ಸಮಯ ಮುಗಿದಾಗ ಫೋನೇ ಆಟ ಮುಚ್ಚುತ್ತದೆ. ಮಗಳೋ ಸೊಸೆಯೋ ಎರಡು ನಿಮಿಷದಲ್ಲಿ ಮಾಡಿಕೊಡಬಲ್ಲರು.

2. ಜಾಗ ನಿಗದಿ ಮಾಡಿ. ಹಟ್ಟಿಯಲ್ಲಿ, ಒಲೆ ಮುಂದೆ, ಹಾಸಿಗೆಯಲ್ಲಿ ಆಟ ಬೇಡ. ಬೆಳಗಿನ ಜಾವ ಮತ್ತು ಸಂಜೆ ಹಟ್ಟಿಯಲ್ಲಿ ನಮ್ಮ ಕಣ್ಣು ರಾಸುಗಳ ಮೇಲಿರಬೇಕು. ಬೆದೆಯ ಲಕ್ಷಣ ಹೆಚ್ಚಾಗಿ ಕಾಣುವುದು ಆ ಹೊತ್ತಿನಲ್ಲೇ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಫೀಡಿನ ಖರ್ಚು ಮೈಮೇಲೆ ಬೀಳುತ್ತದೆ.

3. ಹಾಲಿನ ದುಡ್ಡನ್ನು ಆಟದಿಂದ ದೂರ ಇಡಿ. ಬಟವಾಡೆ ಬೀಳುವ ಖಾತೆಯನ್ನು ಆಟವಿರುವ ಫೋನಿನ ಯುಪಿಐಗೆ ಜೋಡಿಸಬೇಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಸಿ. ಮಕ್ಕಳ ಕೈಗೆ ಫೋನ್ ಕೊಡುವ ಮನೆಗಳಲ್ಲಂತೂ ಇದು ಬೇಕೇ ಬೇಕು. ಯುಪಿಐ ಆಪ್‌ನಲ್ಲಿ ಆಟೋಪೇ ಎಂಬ ಕಡೆ ಹೋಗಿ, ಗೊತ್ತಿಲ್ಲದೆ ತಿಂಗಳು ತಿಂಗಳು ದುಡ್ಡು ಹೋಗುತ್ತಿದೆಯೇ ನೋಡಿ. ಇದ್ದರೆ ಅಲ್ಲೇ ರದ್ದು ಮಾಡಬಹುದು.

4. ನಾಣ್ಯ ಮುಗಿದರೆ ಆಟ ಮುಗಿಯಿತು. ಉಚಿತವಾಗಿ ಸಿಕ್ಕಿದ್ದು ಮುಗಿದ ಮೇಲೆ ಕೊಳ್ಳುವುದಿಲ್ಲ ಎಂಬ ನಿಯಮವೇ ಎಲ್ಲಕ್ಕಿಂತ ಸುಲಭ. ಹಳೇ ಆಟಗಳಿಗಿದ್ದ ಕೊನೆಯನ್ನು ನಾವೇ ಈ ಆಟಕ್ಕೂ ತಂದಂತೆ.

5. ಸಂದೇಶಗಳನ್ನು ಬಂದ್ ಮಾಡಿ. ಆಟದ ನೋಟಿಫಿಕೇಶನ್ ನಿಲ್ಲಿಸಿದರೆ ಅದು ನಮ್ಮನ್ನು ಕರೆಯುವುದಿಲ್ಲ. ನಮಗೆ ಬೇಕಾದಾಗ ನಾವು ಹೋಗುತ್ತೇವೆ, ಅಷ್ಟೆ.

6. ಮನಸ್ಸು ಕೆಟ್ಟಾಗ ಆಡಬೇಡಿ. ಮನೆಯಲ್ಲಿ ಜಗಳವಾದಾಗ, ಕರು ಸತ್ತಾಗ, ಸಾಲದವರು ಬಂದು ಹೋದಾಗ ಆಟಕ್ಕೆ ಕುಳಿತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಆಗ ಪಕ್ಕದ ಮನೆಯ ಅಕ್ಕನ ಜೊತೆ ಮಾತಾಡಿ.

ಇನ್ನು ಆಡುವಾಗಲೇ ಎದ್ದು ಬಿಡಬೇಕಾದ ಮೂರು ಗಳಿಗೆಗಳಿವೆ: ಬಾಯಲ್ಲಿ 'ಇದೊಂದೇ' ಎಂಬ ಮಾತು ಎರಡನೇ ಸಲ ಬಂದಾಗ, ಸೋತದ್ದನ್ನು ವಾಪಸು ತೆಗೆಯಬೇಕು ಎನಿಸಿದಾಗ, ಯಾರಾದರೂ ಕರೆದದ್ದಕ್ಕೆ ಸಿಟ್ಟು ಬಂದಾಗ.

ಎರಡು ನಿಮಿಷದ ಪರೀಕ್ಷೆ

ಗುಪ್ತ ಕೆಚ್ಚಲು ಬಾವು ಇದ್ದಾಗ ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಕೆಚ್ಚಲೂ ಊದಿರುವುದಿಲ್ಲ. ಸಿ.ಎಂ.ಟಿ. ದ್ರಾವಣ ಹಾಕಿ ನೋಡಿದಾಗಲೇ ಗೊತ್ತಾಗುವುದು. ಆಟದ ವಿಷಯದಲ್ಲೂ ಆಗಾಗ ಇಂಥ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮನ್ನು ನೀವೇ ಕೇಳಿಕೊಳ್ಳಿ:

• ಅಂದುಕೊಂಡ ಹೊತ್ತಿಗೆ ನಿಲ್ಲಿಸಲು ಆಗುತ್ತಿದೆಯೇ?
• ಆಟಕ್ಕಾಗಿ ಹಾಲು ಕರೆಯುವುದು, ಅಡುಗೆ, ನಿದ್ದೆ ಹಿಂದಕ್ಕೆ ಹೋಗಿದೆಯೇ?
• ಎಷ್ಟು ಹೊತ್ತು ಆಡಿದೆ, ಎಷ್ಟು ದುಡ್ಡು ಹಾಕಿದೆ ಎಂಬುದರಲ್ಲಿ ಮನೆಯವರಿಗೆ ಸುಳ್ಳು ಹೇಳಿದ್ದೇನೆಯೇ?
• ಆಟವಿಲ್ಲದ ದಿನ ಚಡಪಡಿಕೆ, ಸಿಡುಕು ಇದೆಯೇ?
• ಫೀಡು, ಔಷಧಿ, ಮಕ್ಕಳ ಫೀಸಿನ ದುಡ್ಡು, ಸ್ತ್ರೀಶಕ್ತಿ ಸಂಘದ ಕಂತು ಆಟಕ್ಕೆ ಹೋಗಿದೆಯೇ?
• ಆಟಕ್ಕಾಗಿ ಕೈಸಾಲ, ಮೊಬೈಲ್ ಸಾಲ ಮಾಡಿದ್ದೇನೆಯೇ?

ಮೊದಲ ಎರಡಕ್ಕೆ ಮಾತ್ರ ತೊಂದರೆ ಕಂಡರೆ ಹಗ್ಗ ಗಿಡ್ಡ ಮಾಡಿ. ಒಂದು ವಾರ ಆಟವನ್ನೇ ತೆಗೆದು ನೋಡಿ. ವಾರ ಸುಲಭವಾಗಿ ಕಳೆದರೆ ಒಳ್ಳೆಯದು. ಸುಳ್ಳು, ಸಾಲ, ಮನೆಗೆ ಬೇಕಾದ ದುಡ್ಡು ಇವುಗಳಲ್ಲಿ ಒಂದು ಬಂದರೂ ಅದು ಹೊತ್ತು ಕಳೆಯುವ ಆಟವಾಗಿ ಉಳಿದಿಲ್ಲ. ಆಗ ಒಬ್ಬರೇ ಹೋರಾಡಬೇಡಿ, ಸಹಾಯ ಕೇಳಿ. ಆಟವನ್ನು ಹಿಡಿತದಲ್ಲಿಡಲಾಗದೆ, ಬೇರೆಲ್ಲ ಕೆಲಸಕ್ಕಿಂತ ಅದನ್ನೇ ಮುಂದಿಟ್ಟು, ಕೆಡುಕಾಗುತ್ತಿದ್ದರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಅಂದರೆ ಇದು ಕೆಟ್ಟ ಗುಣವಲ್ಲ, ಚಿಕಿತ್ಸೆ ಇರುವ ಕಾಯಿಲೆ.

ಮನೆಯವರು ಸಿಕ್ಕಿಕೊಂಡಿದ್ದರೆ

ಗಂಡನೋ ಮಗನೋ ದುಡ್ಡಿನ ಆಟದಲ್ಲಿ ಸಿಕ್ಕಿಕೊಂಡಿದ್ದಾರೆಂದು ತಿಳಿದಾಗ ಮೊದಲು ಬರುವುದು ಸಿಟ್ಟು. ಅದು ಸಹಜ. ಆದರೆ ನಾಲ್ಕು ಜನರ ಮುಂದೆ ಮರ್ಯಾದೆ ಕಳೆದರೆ ಅವರು ಇನ್ನಷ್ಟು ಮುಚ್ಚಿಡುತ್ತಾರೆ. ಒಬ್ಬರೇ ಇರುವಾಗ, ಆಟವಾಡದ ಹೊತ್ತಿನಲ್ಲಿ ಮಾತಾಡಿ. ಸಾಲ ಎಷ್ಟಿದೆ ಎಂಬುದನ್ನು ಒಂದು ಹಾಳೆಯಲ್ಲಿ ಪೂರ್ತಿ ಬರೆಸಿ. ಒಡವೆ ಅಡವಿಟ್ಟು, ಹಸು ಮಾರಿ ಅವರ ಕೈಗೇ ದುಡ್ಡು ಕೊಡಬೇಡಿ. ಆ ದುಡ್ಡೂ 'ಸೋತದ್ದನ್ನು ವಾಪಸು ತೆಗೆಯುತ್ತೇನೆ' ಎಂದು ಅಲ್ಲಿಗೇ ಹೋಗುವ ಸಂಭವ ಹೆಚ್ಚು. ಸ್ವಲ್ಪ ಕಾಲ ಬಟವಾಡೆ ಖಾತೆಯ ಎಟಿಎಂ ಕಾರ್ಡು, ಪಿನ್ ನಿಮ್ಮ ಬಳಿಯೇ ಇರಲಿ.

'ನಾನಿದ್ದು ಏನು ಪ್ರಯೋಜನ' ಎಂಬಂಥ ಮಾತು ಅವರ ಬಾಯಲ್ಲಿ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಒಬ್ಬರನ್ನೇ ಬಿಡಬೇಡಿ, ಅದೇ ದಿನ ಸಹಾಯ ಕೇಳಿ. ಹಸು, ಒಡವೆ, ದುಡ್ಡು ಮತ್ತೆ ಸಂಪಾದಿಸಬಹುದು.

ನೆನಪಿಡಬೇಕಾದ ನಂಬರುಗಳು:

• 14416: ಟೆಲಿ ಮಾನಸ್. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.
• 1930: ಸೈಬರ್ ವಂಚನೆಯ ಸಹಾಯವಾಣಿ. ಮೋಸದಿಂದ ಖಾತೆಯ ದುಡ್ಡು ಹೋಗಿದ್ದರೆ ತಡಮಾಡದೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.
• ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆಟಗಳ ಗೀಳಿಗೆಂದೇ 'ಶಟ್' ಎಂಬ ಚಿಕಿತ್ಸಾಲಯ 2014ರಿಂದ ಇದೆ.

ಇನ್ನೊಂದು ಮಾತು: ನಮಗೆ ದುಡ್ಡು ಬರುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. 'ನೀವು ಗೆದ್ದ ದುಡ್ಡು ಪಡೆಯಲು ಪಿನ್ ಒತ್ತಿ' ಎಂದರೆ ಅದು ಮೋಸ.

ಆ ಅಕ್ಕ ಈಗ

ಅವರು ಆಟ ಪೂರ್ತಿ ಬಿಟ್ಟಿಲ್ಲ. ಮಧ್ಯಾಹ್ನ ದನಕ್ಕೆ ನೀರು ತೋರಿಸಿ ಬಂದ ಮೇಲೆ ಜಗಲಿಯ ಮೇಲೆ ಕುಳಿತು ಗಾಲಿ ತಿರುಗಿಸುತ್ತಾರೆ. ನಾಣ್ಯ ಮುಗಿದರೆ ಏಳುತ್ತಾರೆ. ಹಾಲಿನ ಲೆಕ್ಕ ಬರೆದಿಡುವ ಪುಸ್ತಕದ ಹಿಂದಿನ ಪುಟದಲ್ಲಿ ಆಡಿದ ನಿಮಿಷವನ್ನೂ ಬರೆಯುತ್ತಾರೆ. ಒಂದು ದಿನ ಆ ಪುಟವನ್ನು ಸೊಸೆಗೆ ತೋರಿಸಿದರಂತೆ. ಸೊಸೆ ನಕ್ಕು ತನ್ನ ಫೋನಿನ ಲೆಕ್ಕ ತೋರಿಸಿದಳಂತೆ. "ಅವಳದು ನನಗಿಂತ ಜಾಸ್ತಿ ಡಾಕ್ಟ್ರಮ್ಮ!" ಎಂದು ನಗುತ್ತಾ ಹೇಳಿದರು. ಈಗ ಇಬ್ಬರೂ ಒಂದೇ ಪುಟದಲ್ಲಿ ಬರೆಯುತ್ತಾರೆ.

ನನ್ನ ಮಟ್ಟಿಗೆ, ತುರ್ತು ಸೇವೆಯ ಸರದಿ ಇರುವ ದಿನ ಆಟ ಇಲ್ಲವೇ ಇಲ್ಲ. ಆ ಫೋನಿನಿಂದ ಆಟವನ್ನೇ ತೆಗೆದುಹಾಕಿದ್ದೇನೆ. ಬೇರೆ ದಿನಗಳಲ್ಲಿ ಮಗಳ ಜೊತೆ ಚೌಕಾಬಾರ ಆಡುತ್ತೇನೆ. ಅವಳು ನಾಲ್ಕು ಕಾಯಿ ಹಣ್ಣು ಮಾಡಿ ಚಪ್ಪಾಳೆ ತಟ್ಟಿದರೆ ಆ ದಿನದ ಆಟ ಮುಗಿಯಿತು.

ಮುಂದಿನ ತಿಂಗಳು ನಿಮ್ಮ ಸಂಘದ ಸಭೆ ಸೇರಿದಾಗ ಹಾಲಿನ ದರ, ಫೀಡಿನ ಮಾತು ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯಕ್ಕೂ ಇಡಿ. ಯಾರಾದರೊಬ್ಬರು ಮೊದಲು 'ನಾನೂ ಆಡ್ತೀನಿ' ಎಂದರೆ ಉಳಿದವರಿಗೂ ಮಾತು ಬರುತ್ತದೆ. ಮೊದಲು ಹೇಳುವವರು ಯಾರೂ ಇಲ್ಲದಿದ್ದರೆ ನನ್ನ ಹದಿನೇಳು ನಿಮಿಷದ ಕತೆಯನ್ನೇ ಹೇಳಿ.

— ಪಶುವೈದ್ಯಾಧಿಕಾರಿ